ಯಾರ ಸೀರೆ ಎಂದು ಕೇಳದ ಸಂಘ

ನಮ್ಮ ಸಂಘಕ್ಕೆ ಈಗ ಬೈಲಹೊಂಗಲದಲ್ಲಿ ಸ್ವಂತ ಕಟ್ಟಡವಿದೆ. ಬಾಗಿಲ ಮೇಲೆ ದೊಡ್ಡ ಫಲಕ, ಒಳಗೆ ಒಂದು ಕಂಪ್ಯೂಟರು, ಅದರ ಮುಂದೆ ಸದಾ ಮುಖ ಗಂಟಿಕ್ಕಿಕೊಂಡು ಕೂತ ಒಬ್ಬ ಹುಡುಗಿ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಾಖೆಗಳಿವೆ. ಹೊರಗಿನವರು ಯಾರಾದರೂ ಬಂದರೆ ಗೋಡೆಯ ಮೇಲಿನ ಫೋಟೋ ತೋರಿಸಿ, ಇವರು ನಮ್ಮ ಮೊದಲನೆಯ ಅಧ್ಯಕ್ಷರು ಎಂದು ಪರಿಚಯ ಮಾಡಿಕೊಡುತ್ತಾರೆ. ಫೋಟೋದಲ್ಲಿ ಅವರು ನಗುತ್ತಿದ್ದಾರೆ. ಅದನ್ನು ತೆಗೆಸಿದವಳು ನಾನೇ, ನಗಿಸಿದವಳೂ ನಾನೇ. ಈಗ ಅವರು ಸಂಘದ ಹೊಸ್ತಿಲು ತುಳಿಯುವುದಿಲ್ಲ. ಯಾಕೆ ಎಂದು ಬಂದವರು ಕೇಳುವುದಿಲ್ಲ, ಇದ್ದವರು ಹೇಳುವುದಿಲ್ಲ. ಹಾಗಾಗಿ ನಾನು ಬರೆಯಲು ಕೂತಿದ್ದೇನೆ.

ನಾನು ಸರಕಾರಿ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ಅಜ್ಜ ಪಂಚಾಂಗ ಹೇಳುತ್ತಿದ್ದರು, ಅಪ್ಪ ಸಂಸ್ಕೃತ ಪಾಠ ಹೇಳುತ್ತಿದ್ದರು. ಆ ಮನೆತನದಲ್ಲಿ ಸೂಜಿ ಹಿಡಿದು ಹೊಟ್ಟೆ ಹೊರೆದವಳು ನಾನೊಬ್ಬಳೇ. ಅಜ್ಜನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಅವರ ಸಿಟ್ಟು ಮಾತ್ರ. ನಿವೃತ್ತಿಯಾದ ಮೇಲೆ ಬೈಲಹೊಂಗಲದ ನನ್ನ ಮನೆಯ ಪಡಸಾಲೆಯಲ್ಲಿ ನಾಲ್ಕಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಸೀರೆಗಳಿಗೆ ಕಸೂತಿ ಹಾಕಿಕೊಡುವ ಸಣ್ಣ ವ್ಯಾಪಾರ ಸುರು ಮಾಡಿದ್ದೆ. ಬಂದ ಗಿರಾಕಿಗಳಲ್ಲಿ ಅರ್ಧ ಜನರನ್ನು ನನ್ನ ಬಾಯಿಯೇ ಓಡಿಸುತ್ತಿತ್ತು.

ಓಡಿಹೋಗದೆ ನಿಂತವರು ದೊಡವಾಡದ ಗೌಡಸಾನಿ. ಗೌಡರ ಮನೆಯ ಸೊಸೆಯಾದ್ದರಿಂದ ಊರೆಲ್ಲ ಹಾಗೆ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಶಾಲೆಯಲ್ಲಿ ಕಲಿಸಿದವಳೆಂದು ಅವರು ನನ್ನನ್ನು ಬಾಯಾರ ಎಂದರು. ಒಂದು ಮಧ್ಯಾಹ್ನ ಕಂಕುಳಲ್ಲಿ ಕೌದಿಯೊಂದನ್ನು ಇಟ್ಟುಕೊಂಡು ಬಸ್ಸಿಳಿದು ಬಂದರು. ಹಳೆಯ ಸೀರೆಗಳನ್ನು ತುಂಡು ಮಾಡಿ, ಪದರ ಪದರ ಹಾಸಿ, ಉದ್ದಕ್ಕೂ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ನಮ್ಮ ಕಡೆ ಕೌದಿ ಇಲ್ಲದ ಮನೆ ಇಲ್ಲ, ಅದನ್ನು ಕೊಂಡುಕೊಳ್ಳುವ ಮನೆಯೂ ಆಗ ಇರಲಿಲ್ಲ.

"ಬಾಯಾರ, ಇದರ ಮೂಲಿಗೆ ಒಂದು ಆನಿ ಹಾಕಿ ಕೊಡ್ರಿ" ಎಂದರು.

"ಕೌದಿ ಮ್ಯಾಲೆ ಯಾರರೆ ಕಸೂತಿ ಹಾಕ್ತಾರೇನ್ರಿ?" ಎಂದು ನಾನು ಗದರಿದೆ.

"ಯಾರೂ ಹಾಕಿಲ್ಲಂತನ ನಿಮ್ಮ ಕಡೆ ಬಂದೇನಿ. ಹಾಕೂದಿಲ್ಲಂದ್ರ ಚಾ ಆದ್ರೂ ಕುಡಿಸ್ರಿ, ಬಿಸಲಾಗ ಬಂದೇನಿ."

ಚಹಾ ಮಾಡಿದೆ. ಆನೆಯನ್ನೂ ಹಾಕಿಕೊಟ್ಟೆ. ಅವರು ದೊಡವಾಡದ ಹತ್ತಿಪ್ಪತ್ತು ಹೆಂಗಸರಿಂದ ಕೌದಿ ಹೊಲಿಸಿ ಮಾರಲು ಹೊರಟಿದ್ದರು. ಬೆಳಗಾವಿಯ ವ್ಯಾಪಾರಿಯೊಬ್ಬ ತಿಂಗಳಿಗೊಮ್ಮೆ ಬಂದು ಒಯ್ಯುತ್ತಿದ್ದ. ಅವನೇ ನನ್ನ ಕಸೂತಿಯನ್ನೂ ಒಯ್ಯುತ್ತಿದ್ದ. ಕಿತ್ತೂರಿನವರ ಹೊಲಿಗೆ, ರಾಮದುರ್ಗದವರ ಕೈಮಗ್ಗದ ಬಟ್ಟೆ, ಸವದತ್ತಿಯವರು ಕೂಸುಗಳ ತಲೆಗೆಂದು ಖಣದ ಬಟ್ಟೆಯಲ್ಲಿ ಹೊಲಿಯುವ ಕುಂಚಿಗೆ, ಎಲ್ಲ ಅವನ ಟೆಂಪೋದಲ್ಲೇ ಹೋಗುತ್ತಿದ್ದವು. ಒಂದು ಸಲ ಹೀಗೆ ಈ ಎಲ್ಲ ಊರಿನವರೂ ನನ್ನ ಪಡಸಾಲೆಯಲ್ಲಿ ಕೂಡಿದೆವು. ಮಾತಿಗೆ ಮಾತು ಬಂದು ಹೊರಬಿದ್ದದ್ದೇನೆಂದರೆ, ಆ ಮಹಾಶಯ ಒಬ್ಬೊಬ್ಬರ ಮುಂದೆಯೂ ಉಳಿದವರನ್ನು ಹೊಗಳಿ ನಮ್ಮ ದರ ಇಳಿಸುತ್ತಿದ್ದ. ಮೊದಲು ಎಲ್ಲರಿಗೂ ನಗು ಬಂತು, ಆಮೇಲೆ ಮೈ ಉರಿಯಿತು. ಸಂಘ ಹುಟ್ಟಿದ್ದು ಆ ಉರಿಯಲ್ಲಿ. ಅಧ್ಯಕ್ಷರು ಗೌಡಸಾನಿ, ಕಾರ್ಯದರ್ಶಿ ನಾನು. ಅವರು ಜನರನ್ನು ಕೂಡಿಸುವುದು, ನಾನು ಬಯ್ಯುವುದು ಎಂದು ಕೆಲಸ ಹಂಚಿಕೊಂಡೆವು.

ಎಲ್ಲ ಊರುಗಳ ಹೆಂಗಸರೂ ಕೂಡಿ ಕೌದಿ ಹೊಲಿಯಬೇಕಾಗಿ ಬಂದ ಮೊದಲ ಸಲವೇ ಜಗಳ ಹತ್ತಿತು. ಮನೆ ಮನೆಯಿಂದ ಹಳೆಯ ಸೀರೆಯ ಗಂಟುಗಳು ಬಂದಿದ್ದವು. ಇದು ಯಾರ ಮನೆಯದು, ಅದು ಯಾವ ಓಣಿಯದು, ಸತ್ತವರದೋ ಇದ್ದವರದೋ, ಮುತ್ತೈದೆಯದೋ ಅಲ್ಲವೋ ಎಂದು ಒಬ್ಬೊಬ್ಬರೂ ಗಂಟುಗಳನ್ನು ಕಾಲಿನಿಂದ ಸರಿಸತೊಡಗಿದರು. ಮೊದಲು ಮೂಗು ಮುರಿದವರು ನಮ್ಮವರೇ. ನನ್ನ ಸೋದರತ್ತೆಯ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಿಗೆ ಹೋಗಿ ನಿಂತಳು. ನಾನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಗೌಡಸಾನಿ ಎದ್ದರು. ಒಂದೊಂದೇ ಗಂಟು ಬಿಚ್ಚಿ ಪಡಸಾಲೆಯ ನಡುವೆ ಸುರುವಿದರು. ಕೂತು, ಎರಡೂ ಕೈಯಿಂದ ಚುರುಮುರಿ ಕಲಸಿದ ಹಾಗೆ ಎಲ್ಲವನ್ನೂ ಕಲಸಿಬಿಟ್ಟರು.

"ಈಗ ಹುಡುಕ್ರಿ ನಿಮ್ಮ ನಿಮ್ಮ ಜಾತಿ" ಎಂದರು. "ಗಂಟು ಬಿಚ್ಚಿದ ಮ್ಯಾಲ ಯಾರ ಸೀರಿ ಅಂತ ಯಾರೂ ಕೇಳೂಹಂಗಿಲ್ಲ. ಕೇಳವರು ಈಗ ಮನಿಗೆ ಹೋಗ್ರಿ."

ಇಬ್ಬರು ಹೋದರು. ಉಳಿದವರು ಕೂತು ಹೊಲಿದರು. ನನ್ನ ಸೋದರತ್ತೆಯ ಮಗಳು ಹೋಗಲಿಲ್ಲ, ಅದು ನನಗೆ ಇಂದಿಗೂ ಆಶ್ಚರ್ಯವೇ. ಸಂಘ ಬೆಳೆದದ್ದು ಆ ಒಂದು ಕಟ್ಟಳೆಯಿಂದ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಬೆಳೆಯುತ್ತ ಹೋದಂತೆ ಕೆಲಸದ ರೀತಿಯೂ ಬದಲಾಯಿತು. ಮೊದಲು ಒಬ್ಬಳು ಒಂದು ಕೌದಿಯನ್ನು ತಾನೇ ಕತ್ತರಿಸಿ, ತಾನೇ ಜೋಡಿಸಿ, ತಾನೇ ಮುಗಿಸುತ್ತಿದ್ದಳು. ಆಮೇಲೆ ಮಾರುಕಟ್ಟೆಯ ಹಿಂದೆ ಒಂದು ಶೆಡ್ ಹಿಡಿದೆವು. ಬಂದ ಸೀರೆಗಳನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಇಡುವುದು. ಬಿಚ್ಚಿ, ಒಗೆದು, ಬಣ್ಣ ನೋಡಿ ಬೇರೆ ಬೇರೆ ಖಾನೆಗೆ ಹಾಕುವುದು. ದೊಡ್ಡ ಮೇಜಿನ ಮೇಲೆ ಒಂದೇ ಅಳತೆಗೆ ಕತ್ತರಿಸುವುದು. ಒಂದು ಕೌದಿಗೆ ಬೇಕಾದಷ್ಟು ತುಂಡುಗಳ ಪೊಟ್ಟಣ ಕಟ್ಟಿ ನಾಲ್ಕೂ ತಾಲೂಕಿನ ಮನೆಗಳಿಗೆ ಆಟೋದಲ್ಲಿ ಕಳಿಸುವುದು. ಹೊಲಿಯುವವಳಿಗೆ ಸೀರೆ ಕಾಣುತ್ತಿರಲಿಲ್ಲ, ತುಂಡು ಕಾಣುತ್ತಿತ್ತು. ಪೇಟೆಯ ಅಂಗಡಿಗಳಿಗೆ ಇದು ಬಲು ಹಿಡಿಸಿತು. ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ನನಗೆ ಹಿಡಿಸುವ ಸಂಗತಿಗಳು ಜಗತ್ತಿನಲ್ಲಿ ಕಡಿಮೆ.

ಆ ಕಾಲದಲ್ಲಿ ಒಂದು ಪ್ರಸಂಗ ನಡೆಯಿತು. ಸವದತ್ತಿಯ ಸದಸ್ಯೆಯೊಬ್ಬಳು, ಕುಂಚಿಗೆ ಹೊಲಿಯುವವಳು, ಒಂದು ದಿನ ಏದುಸಿರು ಬಿಡುತ್ತ ಬಂದಳು. ಅವಳ ತಾಯಿ ತೀರಿಕೊಂಡಿದ್ದಳು. ಹಳೆಯ ಬಟ್ಟೆಗಳ ಜೊತೆ ತಾಯಿಯ ಒಂದು ಇಳಕಲ್ ಸೀರೆಯನ್ನೂ ಅವಳ ಅತ್ತಿಗೆ ತಿಳಿಯದೆ ಸಂಘಕ್ಕೆ ಕಳಿಸಿದ್ದಳಂತೆ. ಸೀರೆ ಆಗಲೇ ತುಂಡಾಗಿ ಕೌದಿ ಸೇರಿತ್ತು, ಆ ಕೌದಿ ಹೊಲಿಗೆ ಮುಗಿದು ಶೆಡ್ಡಿನಲ್ಲೇ ಇತ್ತು. ಅವಳು ಅದನ್ನು ಗುರುತಿಸಿ ಎದೆಗೆ ಅವಚಿಕೊಂಡು ನಿಂತಳು. ಗೌಡಸಾನಿ ಅವಳ ಪಕ್ಕ ಕೂತು ಬೆನ್ನು ಸವರಿದರು, ನೀರು ಕುಡಿಸಿದರು, ಆದರೆ ಕೌದಿ ಕೊಡಲಿಲ್ಲ.

"ನಿನಗ ಕೊಟ್ರ ನಾಳೆ ಎಲ್ಲಾರೂ ತಮ್ಮ ತಮ್ಮ ಸೀರಿ ಹುಡುಕತಾರ ತಂಗೀ" ಎಂದರು. "ಹುಡುಕಾಕ ಹತ್ತಿದ್ರ ಮತ್ತ ಯಾರದು, ಎಂಥಾದ್ದು ಅಂತ ಸುರು ಆಕ್ಕೈತಿ. ಅದನ್ನ ನಿಲ್ಲಿಸಾಕ ನಾವು ಎಷ್ಟು ತ್ರಾಸ ಪಟ್ಟೇವಿ ನಿನಗೂ ಗೊತ್ತೈತಿ."

ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು. ಬುತ್ತಿ ಬಿಚ್ಚದೆ ಬಸ್ಸು ಹತ್ತಿದಳು. ಮುಂದಿನ ವಾರ ಮತ್ತೆ ಕೆಲಸಕ್ಕೆ ಬಂದಳು, ಅದು ಅವಳ ದೊಡ್ಡ ಗುಣ. ಕೊಟ್ಟುಬಿಡಬೇಕಿತ್ತು ಎಂದು ನನಗೆ ಅವತ್ತೇ ಅನಿಸಿತ್ತು, ಹೇಳಿಯೂ ಇದ್ದೆ. ಗೌಡಸಾನಿ ಅವತ್ತು ರಾತ್ರಿ ಊಟ ಮಾಡಲಿಲ್ಲವೆಂದು ಅವರ ಯಜಮಾನರು ಆಮೇಲೆ ಎಂದೋ ನನಗೆ ಹೇಳಿದರು.

ಗೌಡಸಾನಿಗೆ ಒಬ್ಬಳೇ ಮಗಳು. ರಾಮದುರ್ಗಕ್ಕೆ ಕೊಟ್ಟಿದ್ದರು. ಅಳಿಯನದು ಅಲ್ಲಿ ಗೊಬ್ಬರ-ಬೀಜದ ಅಂಗಡಿ. ಮಗಳು ತೌರಿಗೆ ಬಂದಾಗಲೆಲ್ಲ ನಮ್ಮ ಶೆಡ್ಡಿಗೂ ಬಂದು, ನನ್ನ ಮಾತಿನ ಧಾಟಿಯನ್ನು ಅಣಕಿಸಿ ಎಲ್ಲರನ್ನೂ ನಗಿಸಿ ಹೋಗುತ್ತಿದ್ದಳು. ನನ್ನೆದುರೇ ನನ್ನನ್ನು ಅಣಕಿಸಿ ಬೈಸಿಕೊಳ್ಳದೆ ಪಾರಾದವಳು ಅವಳೊಬ್ಬಳು. ಒಂದು ಮಳೆಗಾಲ ಡೆಂಗಿ ಜ್ವರ ಬಂದು, ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದರು, ಉಳಿಯಲಿಲ್ಲ. ಅವಳದೊಂದು ಹೆಣ್ಣುಕೂಸು, ಇನ್ನೂ ಶಾಲೆಗೆ ಸೇರಿರಲಿಲ್ಲ. ಅದನ್ನು ಗೌಡಸಾನಿ ದೊಡವಾಡಕ್ಕೆ ಕರೆದುಕೊಂಡು ಬಂದರು. ಕೂಸಿನ ಬೆನ್ನಿಗೆ, ಒಂದು ಬಿಳಿ ಧೋತರದಲ್ಲಿ ಕಟ್ಟಿದ ಮಗಳ ಸೀರೆಗಳೂ ಬಂದವು.

ಆ ಗಂಟನ್ನು ಅವರು ಟ್ರಂಕಿನಲ್ಲಿಟ್ಟರು. ಕೂಸು ಬೆಳೆದು ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಬರುವವರೆಗೂ ಅದು ಅಲ್ಲೇ ಇತ್ತು. ಆಗ ಅಳಿಯ ಬಂದ. ತಲೆ ತಗ್ಗಿಸಿ ಕೂತು, ಇನ್ನೊಂದು ಮದುವೆಯ ಮಾತು ನಡೆದಿದೆ, ಮದುವೆಯಾದ ಮೇಲೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದ.

"ಅವ ಕೆಟ್ಟವ ಅಲ್ರಿ ಬಾಯಾರ" ಎಂದರು ಗೌಡಸಾನಿ ಮರುದಿನ ನನ್ನ ಮನೆಯ ಪಡಸಾಲೆಯಲ್ಲಿ ಕೂತು. "ಕೆಟ್ಟವ ಆಗಿದ್ರ ಬೈದು ಕಳಿಸ್ತಿದ್ದೆ. ಬರೂ ಹುಡುಗೀನೂ ಚೊಲೊ ಮಂದಿ ಮಗಳು. ಕೂಸು ಅಪ್ಪನ ಮನ್ಯಾಗ ಇರೂದ ಖರೆ. ಹಂಗಂತ ನನಗ ತಿಳೀತೈತಿ, ಇಲ್ಲಿ ಮಾತ್ರ ತಿಳಿಯಂಗಿಲ್ಲ" ಎಂದು ಎದೆ ಮುಟ್ಟಿಕೊಂಡರು.

ಆವತ್ತೇ ಅವರು ನಿಶ್ಚಯ ಮಾಡಿದ್ದು: ಮಗಳ ಸೀರೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಹೊಲಿದು ಮೊಮ್ಮಗಳ ಜೊತೆ ಕಳಿಸಬೇಕು. ಹೊಸ ಮನೆಯಲ್ಲಿ, ಹೊಸ ತಾಯಿಯ ಕೈಕೆಳಗೆ, ಕೂಸು ಮಲಗುವಾಗಲಾದರೂ ತನ್ನ ತಾಯಿಯ ಸೀರೆ ಮೈಮೇಲೆ ಇರಬೇಕು. ಸಾವಿರಾರು ಕೌದಿ ಹೊಲಿಸಿದ ಹೆಂಗಸಿಗೆ ಬೇಕಾಗಿದ್ದು ಈ ಒಂದು ಕೌದಿ. ಮೊಮ್ಮಗಳಿಗೂ ಹೇಳಿದರು. ಕೂಸು ತಾನೇ ಗಂಟಿನಲ್ಲಿ ಕೈಹಾಕಿ, ಅರಿಶಿಣ ಬಣ್ಣದ್ದೊಂದನ್ನು ಎಳೆದು, ಇದು ನಟ್ಟನಡುವೆ ಬರಬೇಕು ಎಂದು ಹುಕುಂ ಮಾಡಿತಂತೆ.

ಮನೆಯಲ್ಲಿ ಗಂಟು ಬಿಚ್ಚಿದರೆ ಗೌಡರು ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದರು, ಕೂಸು ಸೀರೆಯಲ್ಲಿ ಮುಖ ಹುದುಗಿಸಿ ಏಳುತ್ತಿರಲಿಲ್ಲ. ಹಾಗಾಗಿ ಶೆಡ್ಡಿಗೇ ತಂದು, ದೊಡ್ಡ ಮೇಜಿನ ಮೇಲೆ ಕತ್ತರಿಸಿ, ಅಲ್ಲೇ ಹೊಲಿಯುವುದೆಂದು ಗೌಡಸಾನಿ ಯೋಚಿಸಿದರು. ಹಾಗೆ ತಂದದ್ದು ನಾವಿಬ್ಬರೂ ದಿಲ್ಲಿಗೆ ಹೊರಟ ದಿನವೇ, ತಿರುಗಿ ಬಂದಕೂಡಲೇ ಸುರು ಮಾಡಬಹುದೆಂದು. ಅಲ್ಲಿಯ ಕರಕುಶಲ ಮೇಳದಲ್ಲಿ ನಮ್ಮ ಸಂಘಕ್ಕೆ ಮೊದಲ ಬಾರಿ ಮಳಿಗೆ ಸಿಕ್ಕಿತ್ತು. ಇತ್ತ ಮುಂಬಯಿಯ ಒಂದು ದೊಡ್ಡ ಅಂಗಡಿಯಿಂದ, ನಾಲ್ಕೂ ತಾಲೂಕಿನವರು ಕೂಡಿ ಹೊಲಿದರೂ ಸಾಲದಷ್ಟು ಕೌದಿಗಳಿಗೆ ಬೇಡಿಕೆ ಬಂದಿತ್ತು. ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗೆ ನಮ್ಮನ್ನು ಬೆಳಗಾವಿಯ ಸ್ಟೇಶನ್ನಿಗೆ ಒಯ್ಯುವ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ, ಒಳಗೆ ಮಳಿಗೆಯ ಪೆಟ್ಟಿಗೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ನಾನು ಎಲ್ಲರನ್ನೂ ಬಯ್ಯುತ್ತಿದ್ದೆ.

ರೈಲಿನಲ್ಲಿ ಮಿರಜ ದಾಟಿದ ಮೇಲೆ ಗೌಡಸಾನಿ ಕೇಳಿದರು, "ಗಂಟು ಒಳಗಿನ ಖೋಲ್ಯಾಗ ಇಟ್ಟೆ ಅಲ್ರಿ?"

"ನಾ ನೋಡ್ಲಿಲ್ರೀ."

"ಇಟ್ಟೇನಿ, ಇಟ್ಟೇನಿ. ಒಳಗ ಇಟ್ಟ ಮ್ಯಾಲ ಪೆಟಗಿ ಎತ್ತಿದೆ" ಎಂದು ತಮಗೆ ತಾವೇ ಹೇಳಿಕೊಂಡು, ರೊಟ್ಟಿ ಬುತ್ತಿ ಬಿಚ್ಚಿದರು.

ದಿಲ್ಲಿಯಲ್ಲಿ ಅವರು ಒಂದು ಅಕ್ಷರ ಹಿಂದಿ ಇಲ್ಲದೆ ದೊಡವಾಡದ ಕನ್ನಡದಲ್ಲೇ ವ್ಯಾಪಾರ ಮಾಡಿದರು. "ಮುಟ್ಟಿ ನೋಡ್ರಿ, ಮುಟ್ಟಿದ್ರ ಏನ್ ಸವೀತೈತಿ?" ಎಂದು ಸರದಾರರ ಹೆಂಡತಿಯರ ಕೈ ಹಿಡಿದು ಎಳೆಯುತ್ತಿದ್ದರು, ಅವರೂ ನಗುತ್ತ ಕೊಳ್ಳುತ್ತಿದ್ದರು. ಸಂಜೆಗೊಮ್ಮೆ ಮೊಮ್ಮಗಳಿಗೆ ಫೋನು. "ಬಂದಕೂಡಲೆ ಹೊಲಿಯಾಕ ಕುಂಡ್ರತೇನಿ. ನಟ್ಟನಡುವ ಹಳದೀದು, ನೆಪ್ಪೈತಿ, ನೆಪ್ಪೈತಿ." ಆ ದಿನಗಳಷ್ಟು ಸಂತೋಷವಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ನಾವು ತಿರುಗಿ ಬಂದಾಗ ಶೆಡ್ಡಿನ ಖಾನೆಗಳೆಲ್ಲ ಬರಿದಾಗಿದ್ದವು. ತುಂಡುಗಳೆಲ್ಲ ಪೊಟ್ಟಣವಾಗಿ ಮನೆಗಳಿಗೆ ಹೋಗಿದ್ದವು. ಗೌಡಸಾನಿ ನೇರ ಒಳಗಿನ ಕೋಣೆಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು.

"ಇಲ್ಲೊಂದು ಬಿಳಿ ಧೋತರದ ಗಂಟಿತ್ತಲ್ಲ?"

ಕತ್ತರಿಸುವ ಮೇಜಿನ ಉಸ್ತುವಾರಿ ರಾಮದುರ್ಗದಿಂದ ಹೊಸದಾಗಿ ಬಂದವಳು ನೋಡುತ್ತಿದ್ದಳು. ಬಲು ಚುರುಕು ಕೈ, ಒಳ್ಳೆಯ ಮನಸ್ಸು. ಗೌಡಸಾನಿಯ ಮಗಳನ್ನು ಅವಳು ಕಂಡವಳೇ ಅಲ್ಲ.

"ಬೆಂಚಿನ ಮ್ಯಾಲಿಂದೇನ್ರಿ?" ಎಂದಳು ನಗುತ್ತ. "ಭಾಳ ಚೊಲೊ ಸೀರಿ ಇದ್ದೂರಿ ಅದರಾಗ. ಒಂದೂ ಹರಿದಿರಲಿಲ್ಲ. ಮುಂಬೈ ಮಾಲಿಗೆ ಬಣ್ಣ ಕಮ್ಮಿ ಬಿದ್ದಿದ್ದೂ ನೋಡ್ರಿ, ದೇವರ ಕೊಟ್ಟಂಗ ಆತು." ಆಮೇಲೆ ನಮ್ಮ ಮುಖ ನೋಡಿ, "ಯಾರದಿತ್ರಿ?" ಎಂದಳು.

ಗೌಡಸಾನಿ ಬೆಂಚಿನ ಮೇಲೆ ಕೂತರು. "ಯಾರದರ ಇರಲಿ ಬಿಡು" ಎಂದರು.

ನಾನು ಬಿಡಲಿಲ್ಲ. ಒಂದೊಂದು ಖಾನೆಗೂ ಕೈಹಾಕಿ ತಡಕಿದೆ, ಮೇಜಿನ ಕೆಳಗಿನ ಚಿಂದಿಯ ಚೀಲಗಳನ್ನು ನೆಲಕ್ಕೆ ಸುರಿದೆ. ಚಿಂದಿಯೂ ಕೌದಿಯ ಒಳಪದರಕ್ಕೆ ಹೋಗಿಬಿಟ್ಟಿತ್ತು. ಗೇಣುದ್ದದ ಅಂಚೂ ಸಿಗಲಿಲ್ಲ. ಆಟೋ ಕಳಿಸಿ ನಾಲ್ಕೂ ತಾಲೂಕಿನ ಪೊಟ್ಟಣಗಳನ್ನು ವಾಪಸು ತರಿಸುತ್ತೇನೆ ಎಂದು ನಾನು ಹಾರಾಡಿದಾಗ ಗೌಡಸಾನಿ ನನ್ನ ಕೈ ಹಿಡಿದು ಕೂಡಿಸಿದರು. ರಾಮದುರ್ಗದವಳಿಗೆ ಉಳಿದವರು ವಿಷಯ ಹೇಳಿದಾಗ ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟು, ಗೋಡೆಗೆ ಮುಖ ಮಾಡಿ ನಿಂತಳು. ಅವಳನ್ನು ಸಮಾಧಾನ ಮಾಡಲು ಎದ್ದುಹೋದವರೂ ಗೌಡಸಾನಿಯೇ. ಇದನ್ನು ನೆನೆದರೆ ನನಗೆ ಈಗಲೂ ಅಳುವಿಗಿಂತ ಮೊದಲು ಸಿಟ್ಟೇ ಬರುತ್ತದೆ.

ಕೌದಿಗಳು ಒಂದೊಂದಾಗಿ ಹೊಲಿಗೆ ಮುಗಿದು ಬಂದವು. ಮುಂಬಯಿಗೆ ಕಟ್ಟುವ ಮೊದಲು ಒಂದು ಕೆಲಸವಿರುತ್ತದೆ: ಒಳಗೆಲ್ಲಾದರೂ ಸೂಜಿ ಉಳಿದಿದೆಯೇ ಎಂದು ಪ್ರತಿಯೊಂದು ಕೌದಿಯನ್ನೂ ಹಾಸಿ ಅಂಗೈಯಿಂದ ಸವರಿ ನೋಡಬೇಕು. ಇದನ್ನು ಗೌಡಸಾನಿ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವತ್ತೂ ಮಂಡಿಯೂರಿ ಕೂತು ಸವರತೊಡಗಿದರು. ನಾನು ಎದುರಿಗೆ ಕೂತು ಮಡಚುತ್ತಿದ್ದೆ. ಒಂದು ಕೌದಿಯ ಮೇಲೆ ಅವರ ಕೈ ನಿಂತಿತು. ಹಸಿರು ತುಂಡು. ಸ್ವಲ್ಪ ಹೊತ್ತು ಅಲ್ಲೇ ಇದ್ದು ಮುಂದೆ ಸರಿಯಿತು. ಎರಡು ಕೌದಿ ಬಿಟ್ಟು ಮತ್ತೆ ನಿಂತಿತು, ಈ ಸಲ ಕೆಂಪು. ನನಗೆ ಆ ಸೀರೆಗಳ ಗುರುತು ಅಷ್ಟಾಗಿ ಇರಲಿಲ್ಲ. ಅವರ ಕೈ ನಿಂತದ್ದನ್ನು ನೋಡಿ ನನಗೆ ತಿಳಿಯುತ್ತಿತ್ತು. ಆಮೇಲೆ ಅರಿಶಿಣದ ಬಣ್ಣದ್ದು ಬಂತು. ಅದು ಕೌದಿಯ ಒಂದು ಅಂಚಿನಲ್ಲಿತ್ತು. ಗೌಡಸಾನಿ ಅದರ ಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚಿದರು.

ಶೆಡ್ಡಿನಲ್ಲಿ ಎಲ್ಲರ ಸೂಜಿಯೂ ನಿಂತಿತ್ತು. ಎದ್ದು ಬಂದವಳು ಸವದತ್ತಿಯವಳು. ತಾಯಿಯ ಸೀರೆ ಕೇಳಿ ಇಲ್ಲವೆನಿಸಿಕೊಂಡಿದ್ದಳಲ್ಲ, ಅವಳೇ. ಕೈಯಲ್ಲಿ ಸಣ್ಣ ಕತ್ತರಿ ಇತ್ತು.

"ಅಕ್ಕಾರ, ಬಿಚ್ಚೂಣು" ಎಂದಳು. "ಎಷ್ಟು ಹೊತ್ತಿನ ಕೆಲಸ ಐತಿ? ನಿಮ್ಮ ತುಂಡಷ್ಟ ತಗದು ಬ್ಯಾರೆ ಕೂಡಿಸ್ತೇವಿ. ನಾವೆಲ್ಲಾ ಕುಂತ ಮಾಡತೇವಿ. ಇಲ್ಲಾಂದ್ರ ಇದೊಂದರ ಇಟಗೊಳ್ರಿ, ಇದರ ಬದಲಿಗೆ ನಾ ಒಂದು ಹೊಲದು ಕೊಡತೇನಿ."

ಗೌಡಸಾನಿ ಕಣ್ಣು ತೆರೆದು ಅವಳನ್ನು ನೋಡಿದರು. "ನಿಮ್ಮ ಅವ್ವನ ಸೀರಿ ನಾ ಕೊಡಲಿಲ್ಲ ನಿನಗ."

"ಅದು ಆಗಿಹೋತು ಬಿಡ್ರಿ."

"ನಿನಗ ಆಗಿರಬಹುದು. ನನಗ ಆಗಿಲ್ಲ. ನಿನ್ನ ಕೈಯಾಗಿಂದು ಕಸಗೊಂಡು ಕಳಿಸೇನಿ. ಈಗ ನನಗಂತ ಹೆಂಗ ಬಿಚ್ಚಲಿ? ಈ ಕೌದ್ಯಾಗ ಬ್ಯಾರೆ ಯಾರ್ಯಾರ ಅವ್ವಗೋಳ ಅದಾರೊ, ಯಾರ್ಯಾರ ಮಕ್ಕಳ ಅದಾರೊ."

ನನಗೆ ತಡೆಯಲಿಲ್ಲ. "ನಿಮ್ಮ ಕಟ್ಟಳೆ ಒಲೆಯೊಳಗ ಹಾಕ್ರಿ ಗೌಡಸಾನ್ಯಾರ!" ಎಂದು ಕಿರುಚಿದೆ. "ಕೂಸಿಗೆ ಮಾತು ಕೊಟ್ಟೀರಿ. ಅದು ದಾರಿ ನೋಡ್ಲಿಕ್ಕೆ ಹತ್ತೇದ. ಸಂಘ ಏನು ಬೇಕಾದ್ರೂ ಆಗ್ಲಿ, ಅಕಿ ಬೇಡಿದ್ದನ್ನೂ ಅಂದೇ ಕೊಡಬೇಕಾಗಿತ್ತು, ಇವತ್ತು ನೀವೂ ತಗೋಬೇಕು. ಇಬ್ಬರಿಗೂ ಅನ್ಯಾಯ ಮಾಡಿದ್ರ ಅದು ನ್ಯಾಯ ಆಗ್ತದೇನು?"

ನಾನು ಹೇಳಿದ್ದು ಸರಿ ಎಂದು ನನಗೆ ಆವತ್ತೂ ಅನಿಸಿತ್ತು, ಇವತ್ತೂ ಅನಿಸುತ್ತದೆ. ಗೌಡಸಾನಿ ನನಗೆ ಎದುರಾಡಲಿಲ್ಲ. "ನೀವು ಅನ್ನೂದು ಖರೆ ಇರಬಹುದು ಬಾಯಾರ. ನನ್ನ ಕೈಲೆ ಆಗವಲ್ಲದು" ಎಂದಷ್ಟೇ ಹೇಳಿ, ಆ ಅರಿಶಿಣ ಬಣ್ಣದ ತುಂಡಿನ ಮೇಲೆ ಸೂಜಿಗಾಗಿ ಇನ್ನೊಮ್ಮೆ ಕೈಯಾಡಿಸಿ, ಕೌದಿಯನ್ನು ನನ್ನ ಕಡೆ ಸರಿಸಿದರು. ನಾನು ಮಡಚಲಿಲ್ಲ. ಸವದತ್ತಿಯವಳು ಮಡಚಿದಳು. ಸಂಜೆಗೆ ಲಾರಿ ಹೋಯಿತು.

ಆಮೇಲೆ ಅವರು ದೊಡವಾಡದಿಂದ ಹೊರಗೆ ಬರಲಿಲ್ಲ. ತಮ್ಮ ಸೀರೆಗಳನ್ನು ತಾವೇ ಕತ್ತರಿಸಿ ಕೌದಿ ಹೊಲಿಯುತ್ತಿದ್ದಾರೆಂದು ಸುದ್ದಿ ಬಂತು. ಮಗಳ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆಯನ್ನೂ ಕತ್ತರಿಸಿದರಂತೆ. ಶಾಲೆಗೆ ಸೂಟಿ ಬಿಟ್ಟ ಮೇಲೆ ಅಳಿಯ ಮಗಳನ್ನು ಕರೆದೊಯ್ಯಲು ಬರುವ ದಿನ ನಾನು ದೊಡವಾಡಕ್ಕೆ ಹೋದೆ. ಜಗಳವಾಡಿದ ಮೇಲೆ ಅದೇ ಮೊದಲ ಭೆಟ್ಟಿ. "ಬರ್ರಿ ಬಾಯಾರ, ಕುಂಡ್ರಿ" ಎಂದರು, ಏನೂ ನಡೆದಿಲ್ಲವೆಂಬಂತೆ. ಚಹಾ ಕೊಟ್ಟರು. ಅಂಗಳದಲ್ಲಿ ಕಾರು ನಿಂತಿತ್ತು. ಅಳಿಯ ಕೂಸಿನ ಸೈಕಲ್ಲನ್ನು ಕಾರಿನೊಳಗೆ ಹಿಡಿಸಲು ಒದ್ದಾಡುತ್ತಿದ್ದ. ಗೌಡರು ಹೊಲಕ್ಕೆ ಹೋಗಿಬಿಟ್ಟಿದ್ದರು.

ಗೌಡಸಾನಿ ಕೌದಿ ತಂದು ಕಟ್ಟೆಯ ಮೇಲೆ ಹಾಸಿದರು. ನಾನು ಜನ್ಮದಲ್ಲಿ ನೋಡಿದ ಕೌದಿಗಳಲ್ಲಿ ಅಂಥದ್ದೊಂದು ಇಲ್ಲ. ಹೊಲಿಗೆ ಅಷ್ಟು ಸಣ್ಣ, ಅಷ್ಟು ಒತ್ತು. ಕೂಸು ಚಪ್ಪಲಿ ಕಳಚಿ ಅದರ ಮೇಲೆ ಹತ್ತಿ ನಡುವೆ ನೋಡಿತು. ಅಲ್ಲೊಂದು ನೀಲಿ ಚೌಕವಿತ್ತು. ಬಗ್ಗಿ ಒಂದೊಂದೇ ತುಂಡನ್ನು ನೋಡುತ್ತ ಸುತ್ತಲೂ ತಿರುಗಿತು.

"ಮಮ್ಮೀದು ಎಲ್ಲೆ ಐತಿ ಆಯೀ?" ನಮ್ಮ ಕಡೆ ತಾಯಿಯ ತಾಯಿಗೆ ಆಯಿ ಎನ್ನುತ್ತಾರೆ.

ಯಾವುದಾದರೊಂದು ತುಂಡಿನ ಮೇಲೆ ಬೆರಳಿಟ್ಟು, ಇದೇ ನಿಮ್ಮಮ್ಮನದು ಎಂದುಬಿಡಬಹುದಿತ್ತು. ನಾನಾಗಿದ್ದರೆ ಕಣ್ಣು ಮಿಟುಕಿಸದೆ ಹೇಳುತ್ತಿದ್ದೆ. ಹೇಳಲಿ ಎಂದು ಮನಸ್ಸಿನಲ್ಲೇ ಅವರನ್ನು ಬೇಡಿಕೊಂಡೆ.

"ಇದರಾಗ ಇಲ್ಲವಾ" ಎಂದರು ಗೌಡಸಾನಿ. "ಇವೆಲ್ಲಾ ನನ್ನ ಸೀರಿ. ನಿಮ್ಮ ಮಮ್ಮೀವು ತಪ್ಪಿ ಬ್ಯಾರೆ ಕೌದ್ಯಾಗ ಹ್ವಾದುವು."

"ಆ ಕೌದಿ ಎಲ್ಲೆ ಅದಾವು?"

"ದೂರ ಊರಿಗೆ ಹ್ವಾದುವು."

ಕೂಸು ತಲೆಯೆತ್ತಿ ಆಯಿಯ ಮುಖ ನೋಡಿತು. ಅಳಲಿಲ್ಲ. "ಹೋಗೂಮುಂದ ನೀ ನೋಡಲಿಲ್ಲೇನು?"

"ನೋಡಿದ್ನವಾ."

"ಮತ್ತ ಅವು ನಮ್ಮ ಮಮ್ಮೀವು ಅಂತ ನೀ ಯಾಕ ಹೇಳಲಿಲ್ಲ?"

ಗೌಡಸಾನಿ ನನ್ನ ಕಡೆ ನೋಡಿದರು. ಅವರು ಕೌದಿಯನ್ನು ಮಡಚಿ, ಬಟ್ಟೆಯ ಮೇಲಿಟ್ಟು ಗಂಟು ಹಾಕಿದರು. ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಹಾಕಿದರು. ಕೂಸು ಚಪ್ಪಲಿ ಮೆಟ್ಟಿಕೊಂಡು, ಅಪ್ಪ ಕರೆಯುವ ಮೊದಲೇ ಹೋಗಿ ಕಾರಿನಲ್ಲಿ ಕೂತಿತು. ಅಳಿಯ ಬಂದು, "ಕೊಡ್ರಿ ಅತ್ತೀ, ನಾ ಒಯ್ತೇನಿ" ಎಂದು ಕೈ ಚಾಚಿ ನಿಂತ. ಗೌಡಸಾನಿ ಇನ್ನೂ ಗಂಟು ಕಟ್ಟುತ್ತಲೇ ಇದ್ದರು.